ಹಲೋ... ಹಲೋ... ಮಾತು ಮಧ್ಯದಲ್ಲೇ ಕಟ್ ಆಯ್ತಾ?

ಮನೆಯ ಇಂಟರ್‌ನೆಟ್ ಫೋನ್ ಪದೇ ಪದೇ ಕೈ ಕೊಡುತ್ತಿದೆಯೇ? ಕಂಪನಿಯವರನ್ನು ಬೈಯುವ ಮೊದಲು ಒಂದು ನೋಟ್ ಪುಸ್ತಕ ತೆಗೆದುಕೊಳ್ಳಿ. ಅರ್ಧ ಉತ್ತರ ಮನೆಯೊಳಗೇ ಸಿಗುತ್ತದೆ!

ಸಾಗರದಲ್ಲಿರುವ ಅಮ್ಮ ಸಂಜೆ ದೇವರಿಗೆ ದೀಪ ಹಚ್ಚಿ, ಏಳು ಗಂಟೆ ಹೊತ್ತಿಗೆ ನನಗೆ ಫೋನ್ ಮಾಡುತ್ತಾಳೆ. ನಾನು ಮದುವೆಯಾಗಿ ಬೆಂಗಳೂರಿಗೆ ಬಂದ ದಿನದಿಂದ ನಡೆದುಕೊಂಡು ಬಂದ ಪದ್ಧತಿ ಇದು. ಅಡಿಕೆ ಕೊಯ್ಲು, ಅಪ್ಪನ ಮಂಡಿ ನೋವು, ಪಕ್ಕದ ಮನೆಯ ಹಸು ಕರು ಹಾಕಿದ್ದು... ಎಲ್ಲ ಸೇರಿ ಹತ್ತು ನಿಮಿಷದ ಮಾತು. ಆ ಹತ್ತು ನಿಮಿಷ ಸಿಕ್ಕರೆ ಊರಿಗೆ ಹೋಗಿ ಬಂದಷ್ಟು ಸಮಾಧಾನ.

ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಅಷ್ಟಕ್ಕಷ್ಟೇ. ಹಾಗಾಗಿ ಹಳೇ ಲ್ಯಾಂಡ್‌ಲೈನ್ ತೆಗೆಸಿದಾಗ ಫೈಬರ್ ಇಂಟರ್‌ನೆಟ್ ಹಾಕಿಸಿ, ಅದರ ಜೊತೆಗೇ ಕೊಡುವ ಫೋನನ್ನೂ ತೆಗೆದುಕೊಂಡೆವು. ಹಾಲ್‌ನಲ್ಲಿ ಒಂದು ಬಿಳಿ ಪೆಟ್ಟಿಗೆ, ಅದಕ್ಕೇ ಫೋನಿನ ವೈರು. ಮೊದಲ ತಿಂಗಳು ಏನೋ ಚೆನ್ನಾಗಿತ್ತು. ಆಮೇಲೆ ಶುರುವಾಯಿತು ನೋಡಿ ಕಿರಿಕಿರಿ. ಮಾತಾಡ್ತಾ ಮಾತಾಡ್ತಾ ಸದ್ದೇ ಇಲ್ಲ. ಹಲೋ ಹಲೋ ಅಂತ ನಾವೇ ಕೂಗಿಕೊಳ್ಳಬೇಕು.

ಒಂದು ಸಂಜೆ ಅಮ್ಮ, 'ನಿನ್ನೆ ರಾತ್ರಿ ನಿನ್ನ ಅಪ್ಪಂಗೆ ಇದ್ದಕ್ಕಿದ್ದ ಹಾಗೆ...' ಅಂದಳು. ಅಷ್ಟೇ. ಕಟ್!

ನನ್ನ ಕೈಕಾಲು ತಣ್ಣಗಾದವು. ಮತ್ತೆ ಡಯಲ್ ಮಾಡಿದರೆ ನಮ್ಮ ಫೋನಿನಲ್ಲಿ ಟೋನೇ ಇಲ್ಲ. ಮೊಬೈಲ್ ಹಿಡಿದು ಮಹಡಿಗೆ ಓಡಿದೆ. ಅಲ್ಲಿಂದ ಮಾಡಿದರೆ ಅಮ್ಮನ ಫೋನ್ ಎಂಗೇಜ್, ಯಾಕೆಂದರೆ ಅವಳೂ ಅತ್ತಲಿಂದ ನನಗೇ ಪ್ರಯತ್ನಿಸುತ್ತಿದ್ದಳು. ಹದಿನೈದು ನಿಮಿಷದ ಪರದಾಟದ ನಂತರ ಸಿಕ್ಕಳು. 'ಇದ್ದಕ್ಕಿದ್ದ ಹಾಗೆ ಹಲಸಿನ ಹಪ್ಪಳ ತಿನ್ನೋ ಆಸೆ ಬಂತು ಮಾರಾಯ್ತಿ, ರಾತ್ರಿ ಹತ್ತು ಗಂಟೆಗೆ ಕರಿಸಿಕೊಂಡ್ರು' ಅಂದಳು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆವತ್ತೇ ತೀರ್ಮಾನ ಮಾಡಿದೆ. ಇದರ ಮೂಲ ಹಿಡಿಯಲೇಬೇಕು ಅಂತ. ನಾನು ಓದಿದ್ದು ಬಿ.ಎ. ತಂತಿ, ಪೆಟ್ಟಿಗೆಗಳ ಸಹವಾಸ ನನಗಿಲ್ಲ. ಆದರೂ ಹಿಡಿದೆ. ನೀವೂ ಹಿಡಿಯಬಹುದು.

ಮಾತು ಹೋಗುವುದು ಹೇಗೆ?

ಹಳೇ ಲ್ಯಾಂಡ್‌ಲೈನ್‌ನಲ್ಲಿ ತಾಮ್ರದ ತಂತಿ ನಮ್ಮ ಮನೆಯಿಂದ ಟೆಲಿಫೋನ್ ಎಕ್ಸ್‌ಚೇಂಜ್‌ವರೆಗೂ ಇರುತ್ತಿತ್ತು. ಫೋನಿಗೆ ಬೇಕಾದ 48 ವೋಲ್ಟ್ ವಿದ್ಯುತ್ತೂ ಅದೇ ತಂತಿಯಲ್ಲಿ ಎಕ್ಸ್‌ಚೇಂಜ್‌ನಿಂದಲೇ ಬರುತ್ತಿತ್ತು. ಅದಕ್ಕೇ ನೋಡಿ, ಮನೆಯಲ್ಲಿ ಕರೆಂಟ್ ಹೋಗಿ ಕತ್ತಲೆ ಕವಿದರೂ ಫೋನ್ ಮಾತ್ರ ಟ್ರಿಣ್ ಟ್ರಿಣ್ ಅನ್ನುತ್ತಿತ್ತು.

ಇಂಟರ್‌ನೆಟ್ ಫೋನ್ ಹಾಗಲ್ಲ. ಇಲ್ಲಿ ನಮ್ಮ ಮಾತನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕಳಿಸುತ್ತಾರೆ. ಒಂದು ಸೆಕೆಂಡಿನ ಮಾತಿಗೆ ಸಾಮಾನ್ಯವಾಗಿ 50 ಪೊಟ್ಟಣ! ಪ್ರತಿಯೊಂದರ ಮೇಲೂ ವಿಳಾಸ. ಅತ್ತ ಕಡೆ ಅವನ್ನು ಸಾಲಾಗಿ ಬಿಚ್ಚಿ ಮತ್ತೆ ಮಾತು ಮಾಡುತ್ತಾರೆ. ಮೇಲ್ ಅಥವಾ ಫೋಟೋ ಆದರೆ ಕಳೆದುಹೋದ ಪೊಟ್ಟಣವನ್ನು ಮತ್ತೆ ತರಿಸಿಕೊಳ್ಳಬಹುದು. ಮಾತಿಗೆ ಆ ಪುರುಸೊತ್ತಿಲ್ಲ. ಸಾರು ಬಡಿಸಿಯಾದ ಮೇಲೆ ಒಗ್ಗರಣೆ ತಂದರೆ ಏನು ಪ್ರಯೋಜನ? ತಡವಾಗಿ ಬಂದ ಪೊಟ್ಟಣ ಬಿಸಾಡಿದ ಹಾಗೇ ಲೆಕ್ಕ. ಒಂದೆರಡು ಹೋದರೆ ಗೊತ್ತಾಗಲ್ಲ. ಜಾಸ್ತಿ ಹೋದರೆ ಮಾತು ಕಡಿದು ಕಡಿದು ಬರುತ್ತದೆ. ದಾರಿಯೇ ಮುಚ್ಚಿದರೆ ಕರೆ ಕಟ್.

'ಹಾಗಾದ್ರೆ ಜಾಸ್ತಿ ಸ್ಪೀಡಿನ ಪ್ಲಾನ್ ಹಾಕಿಸಿಕೊಂಡ್ರೆ ಸರಿಹೋಗುತ್ತಾ?' ಅಂತ ಕೇಳುತ್ತೀರಿ. ನಮ್ಮ ಯಜಮಾನರೂ ಅದನ್ನೇ ಹೇಳಿದ್ದರು. ತಿಂಗಳಿಗೆ ಇನ್ನಷ್ಟು ದುಡ್ಡು ಕಟ್ಟುವ ಮೊದಲು ಇದು ಗೊತ್ತಿರಲಿ. ಒಂದು ಮಾತಿನ ಕರೆಗೆ ಹೋಗಲು 100 ಕೆಬಿಪಿಎಸ್, ಬರಲು 100 ಕೆಬಿಪಿಎಸ್ ಇದ್ದರೆ ಧಾರಾಳವಾಯಿತು. ನಮ್ಮ ದೇಶದಲ್ಲಿ 2023ರಿಂದ ಬ್ರಾಡ್‌ಬ್ಯಾಂಡ್ ಅಂತ ಕರೆಸಿಕೊಳ್ಳಲು ಕನಿಷ್ಠ 2 ಎಂಬಿಪಿಎಸ್ ವೇಗ ಇರಬೇಕು. ಅಂದರೆ ಆ ಕನಿಷ್ಠ ವೇಗವೇ ಒಂದು ಕರೆಗೆ ಬೇಕಾದ್ದರ ಇಪ್ಪತ್ತು ಪಟ್ಟು. ಮಾತಿಗೆ ಬೇಕಾದ್ದು ಅಗಲವಾದ ರಸ್ತೆ ಅಲ್ಲ, ಅಡೆತಡೆಯಿಲ್ಲದ ರಸ್ತೆ. ಒಂದು ಕಡೆಯಿಂದ ಆಡಿದ ಮಾತು ಇನ್ನೊಂದು ಕಡೆ 150 ಮಿಲಿ ಸೆಕೆಂಡಿನೊಳಗೆ ತಲುಪಿದರೆ ನಮಗೆ ತಡವಾಗಿದ್ದೇ ಗೊತ್ತಾಗುವುದಿಲ್ಲ.

ನೋಟ್ ಪುಸ್ತಕದ ಮಹಿಮೆ

ಹಾಲಿನ ಲೆಕ್ಕ, ಇಸ್ತ್ರಿ ಬಟ್ಟೆಯ ಲೆಕ್ಕ ಬರೆಯುವ ನಮಗೆ ಇದೇನು ದೊಡ್ಡ ಕೆಲಸವಲ್ಲ. ಎರಡು ವಾರ, ಕರೆ ಕಟ್ ಆದಾಗಲೆಲ್ಲ ಐದು ಸಂಗತಿ ಬರೆದಿಟ್ಟೆ.

1. ತಾರೀಖು ಮತ್ತು ಗಂಟೆ.

2. ಮಾತು ಶುರುವಾಗಿ ಎಷ್ಟು ಹೊತ್ತಿಗೆ ಕಟ್ ಆಯಿತು?

3. ಯಾವ ಫೋನ್, ಯಾವ ಕೋಣೆ?

4. ಪೂರ್ತಿ ಕಟ್ ಆಯಿತೋ, ಕಡಿದು ಕಡಿದು ಬಂತೋ, ಅಥವಾ ಒಬ್ಬರಿಗೆ ಮಾತ್ರ ಕೇಳಿಸಲಿಲ್ಲವೋ?

5. ಆಗ ಮನೆಯಲ್ಲಿ ಏನು ನಡೆಯುತ್ತಿತ್ತು? ಪೆಟ್ಟಿಗೆಯ ದೀಪಗಳು ಹೇಗಿದ್ದವು?

ಐದನೆಯದ್ದೇ ನನಗೆ ಉತ್ತರ ಕೊಟ್ಟದ್ದು. ಒಂದು ಸಂಜೆ ಕರೆ ಕಟ್ ಆಯಿತು. ಸಿಟ್ಟಿನಿಂದ ನೋಟ್ ಪುಸ್ತಕ ತರಲು ಅಡುಗೆಮನೆಗೆ ಹೋದೆ. ಏನೋ ಬದಲಾಗಿದೆ ಅನ್ನಿಸಿತು. ಏನು? ಫ್ರಿಜ್! ಸದಾ ಗುಂಯ್ ಅನ್ನುವ ನಮ್ಮ ಹಳೇ ಫ್ರಿಜ್ ಸುಮ್ಮನಿತ್ತು. ಬಾಗಿಲು ತೆಗೆದರೆ ಒಳಗೆ ದೀಪವೂ ಇಲ್ಲ.

ಅಂದರೆ ಕರೆಂಟ್ ಹೋಗಿತ್ತು! ನಮ್ಮ ಮನೆಯಲ್ಲಿ ಲೈಟು, ಫ್ಯಾನು ಇನ್ವರ್ಟರ್‌ಗೆ ಸೇರಿವೆ, ಫ್ರಿಜ್ ಸೇರಿಲ್ಲ. ಕರೆಂಟ್ ಹೋದ ತಕ್ಷಣ ಇನ್ವರ್ಟರ್ ಕಣ್ಣು ಮಿಟುಕಿಸುವುದರಲ್ಲಿ ಕೆಲಸಕ್ಕೆ ಇಳಿಯುತ್ತದೆ. ಲೈಟು ಮಿಣುಕ್ ಅಂದದ್ದೂ ನಮಗೆ ಗೊತ್ತಾಗುವುದಿಲ್ಲ, ಫ್ಯಾನ್ ತಿರುಗುತ್ತಲೇ ಇರುತ್ತದೆ. ಆದರೆ ಇಂಟರ್‌ನೆಟ್ ಪೆಟ್ಟಿಗೆಗೆ ಆ ಮಿಟುಕಿಸುವಷ್ಟು ಹೊತ್ತೇ ಸಾಕಾಯಿತು. ಅದು ಆರಿ, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ದೀಪಗಳೆಲ್ಲ ಒಂದೊಂದಾಗಿ ಹತ್ತಿ, ಫೋನಿಗೆ ಟೋನ್ ಬರಲು ಮೂರು ನಿಮಿಷ. ಅಷ್ಟರಲ್ಲಿ ನಾವು 'ಲೈನೇ ಸರಿಯಿಲ್ಲ' ಅಂತ ಬೈದು ಮುಗಿಸಿರುತ್ತಿದ್ದೆವು.

ಎರಡು ವಾರದಲ್ಲಿ ಹನ್ನೊಂದು ಸಲ ಕಟ್ ಆಗಿತ್ತು. ಫ್ರಿಜ್ ಗುಟ್ಟು ಹಿಡಿದ ಮೇಲೆ ಆದ ಪ್ರತಿಯೊಂದು ಕಟ್‌ಗೂ ಓಡಿಹೋಗಿ ಫ್ರಿಜ್ ಬಾಗಿಲು ತೆಗೆದು ನೋಡಿದೆ. ಮಹಡಿಯಲ್ಲಿ ಆದದ್ದು ಬಿಟ್ಟರೆ ಮಿಕ್ಕ ಎಲ್ಲಕ್ಕೂ ಕರೆಂಟೇ ಕಾರಣ.

ಇದಕ್ಕೆ ಪರಿಹಾರ ಸುಲಭ. ರೂಟರ್‌ಗೆಂದೇ ಪುಟ್ಟ 'ಮಿನಿ ಯುಪಿಎಸ್' ಸಿಗುತ್ತದೆ. ಸಾವಿರದಿಂದ ಎರಡು ಸಾವಿರ ರೂಪಾಯಿಯೊಳಗೆ ಬರುತ್ತದೆ. ಗೋಡೆಯ ಪ್ಲಗ್ ಮತ್ತು ಪೆಟ್ಟಿಗೆಯ ನಡುವೆ ಇದನ್ನು ಜೋಡಿಸಬೇಕು. ಕೊಳ್ಳುವ ಮುಂಚೆ ಪೆಟ್ಟಿಗೆಯ ಅಡಾಪ್ಟರ್ ಮೇಲೆ 'ಔಟ್‌ಪುಟ್' ಅಂತ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಬಹಳಷ್ಟು 12 ವೋಲ್ಟಿನವು, ಕೆಲವು ಬೇರೆ. ವೋಲ್ಟ್ ತಪ್ಪಿದರೆ ಪೆಟ್ಟಿಗೆ ಸುಟ್ಟೀತು. ಫೈಬರ್ ಪೆಟ್ಟಿಗೆ, ವೈಫೈ ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬೇಕು. ಕೆಲವು ಇನ್ವರ್ಟರ್‌ಗಳಲ್ಲಿ 'ಯುಪಿಎಸ್ ಮೋಡ್' ಎಂಬ ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಇನ್ವರ್ಟರ್ ಇನ್ನೂ ಬೇಗ ಬದಲಾಗುತ್ತದೆ. ಮೊದಲು ಅದನ್ನೇ ನೋಡಿ, ದುಡ್ಡು ಉಳಿದರೂ ಉಳಿಯಬಹುದು.

ಮಹಡಿಯಲ್ಲಿ ಕಟ್ ಆದದ್ದು ಬಟ್ಟೆ ಒಣಗಿಸುವಾಗ. ಕಾರ್ಡ್‌ಲೆಸ್ ಹಿಡಿದು ಮೇಲೆ ಹೋಗಿ ಮಾತಾಡುತ್ತಿದ್ದೆ. ಅಷ್ಟು ದೂರ ಅದಕ್ಕೆ ನಿಲುಕದು. ಜೊತೆಗೆ ಅದರ ಬ್ಯಾಟರಿಯೂ ಮುದಿಯಾಗಿತ್ತು. ಇದನ್ನು ಪತ್ತೆ ಮಾಡುವುದು ಬಹಳ ಸುಲಭ. ಕಾರ್ಡ್‌ಲೆಸ್ ತೆಗೆದಿಟ್ಟು, ಒಂದು ಮಾಮೂಲಿ ವೈರಿನ ಫೋನನ್ನು ನೇರವಾಗಿ ಪೆಟ್ಟಿಗೆಗೆ ಸಿಕ್ಕಿಸಿ ಎರಡು ದಿನ ಮಾತಾಡಿ. ಕಟ್ ಆಗದಿದ್ದರೆ ತಪ್ಪು ಇಂಟರ್‌ನೆಟ್‌ನದ್ದಲ್ಲ, ಕಾರ್ಡ್‌ಲೆಸ್‌ನದ್ದು.

ಇನ್ನೊಂದು ತಪ್ಪು ಹೇಳಿಕೊಳ್ಳಲು ನಾಚಿಕೆ. ಪೆಟ್ಟಿಗೆ ನೋಡಲು ಚೆನ್ನಾಗಿಲ್ಲ ಅಂತ ನಾನೇ ಕೈಯಾರೆ ಹೆಣೆದ ಕ್ರೋಶಾ ಬಟ್ಟೆ ಹೊದಿಸಿ, ಮೇಲೊಂದು ಹಿತ್ತಾಳೆ ಗಣಪ ಇಟ್ಟಿದ್ದೆ! ರಿಪೇರಿ ಹುಡುಗ ಬಂದವನು ಮುಟ್ಟಿ ನೋಡಿ, 'ಆಂಟಿ, ಇದರ ಮೇಲೆ ದೋಸೆ ಹುಯ್ಯಬಹುದು' ಅಂದ. ಪೆಟ್ಟಿಗೆಗೆ ಗಾಳಿ ಬೇಕು. ಕಾವು ಏರಿದರೆ ತಾನಾಗಿ ನಿಂತು ಮತ್ತೆ ಶುರುವಾಗಬಹುದು. ಗಣಪನಿಗೆ ಬೇರೆ ಜಾಗ ಮಾಡಿದೆ.

ಅಡುಗೆಮನೆಯಲ್ಲಿ ಮಾತ್ರ ಕಟ್ ಆಗುತ್ತದೆಯೇ?

ನನ್ನ ನೋಟ್ ಪುಸ್ತಕದ ಕಥೆ ಕೇಳಿ ಪಕ್ಕದ ಮನೆಯವರೂ ಬರೆಯತೊಡಗಿದರು. ಅವರದ್ದು ಲ್ಯಾಂಡ್‌ಲೈನ್ ಅಲ್ಲ, ಮೊಬೈಲಿನಲ್ಲೇ 'ವೈಫೈ ಕಾಲಿಂಗ್'. ಸಿಗ್ನಲ್ ಇಲ್ಲದ ಕಡೆ ಮನೆಯ ವೈಫೈ ಮೂಲಕವೇ ಮಾಮೂಲಿ ಕರೆ ಹೋಗುವ ಈ ಸೌಲಭ್ಯ ನಮ್ಮ ದೇಶದಲ್ಲಿ ಶುರುವಾದದ್ದು 2019ರ ಕೊನೆಯಲ್ಲಿ. ಅವರ ಪಟ್ಟಿ ನೋಡಿದರೆ ಎಲ್ಲವೂ ಅಡುಗೆಮನೆಯಲ್ಲೇ, ಅದೂ ಬೆಳಗ್ಗೆ ತಿಂಡಿ ಬಿಸಿ ಮಾಡುವ ಹೊತ್ತಿಗೆ!

ಕಾರಣ ಮೈಕ್ರೋವೇವ್ ಒಲೆ. ಅದು ಕೆಲಸ ಮಾಡುವುದು 2.45 ಗಿಗಾಹರ್ಟ್ಸ್ ತರಂಗದಲ್ಲಿ. ವೈಫೈನ ಒಂದು ದಾರಿಯೂ 2.4 ಗಿಗಾಹರ್ಟ್ಸ್. ಒಲೆಯಿಂದ ಸ್ವಲ್ಪವೇ ಸೋರಿದರೂ ಪಕ್ಕದಲ್ಲಿರುವ ವೈಫೈಗೆ ಅದು ಗದ್ದಲ. ಮೇಲಾಗಿ ರೂಟರ್ ಇದ್ದದ್ದು ಆ ತುದಿಯ ಮಲಗುವ ಕೋಣೆಯಲ್ಲಿ, ಕಬ್ಬಿಣದ ಬೀರುವಿನ ಹಿಂದೆ.

* ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ದಾರಿಯೂ ಇದ್ದರೆ ಮಾತಿಗೆ ಅದನ್ನೇ ಬಳಸಿ. ಮೈಕ್ರೋವೇವ್ ಕಾಟ ಅದಕ್ಕಿಲ್ಲ. ಆದರೆ ಅದು ಗೋಡೆ ದಾಟುವುದರಲ್ಲಿ ಸ್ವಲ್ಪ ಬಡವ. ಹತ್ತಿರದ ಕೋಣೆಗೆ 5, ದೂರದ ಕೋಣೆಗೆ 2.4 ಅಂತ ನೆನಪಿಡಿ.

* ರೂಟರ್ ಮನೆಯ ನಡುಭಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ ಇರಲಿ. ಬೀರು, ದೊಡ್ಡ ಕನ್ನಡಿ, ಫ್ರಿಜ್, ಮೀನಿನ ತೊಟ್ಟಿಯ ಹಿಂದೆ ಬೇಡ. ಲೋಹ, ನೀರು ಎರಡೂ ತರಂಗವನ್ನು ತಡೆಯುತ್ತವೆ.

* ಅಪಾರ್ಟ್‌ಮೆಂಟ್‌ನಲ್ಲಿ ಮೇಲೆ, ಕೆಳಗೆ, ಅಕ್ಕಪಕ್ಕ ಎಲ್ಲರ ವೈಫೈ ಒಂದೇ ಕಡೆ ಮುಗಿಬಿದ್ದಿರುತ್ತದೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಯಾವುದು ಖಾಲಿ ಇದೆಯೋ ಅದಕ್ಕೆ ಬದಲಿಸಿಕೊಡಲು ರಿಪೇರಿಯವರನ್ನು ಕೇಳಿ.

* ಮಾತಾಡುತ್ತಾ ಮನೆಯಿಂದ ಹೊರಗೆ ಹೋಗುವಾಗ ಕರೆ ಕಟ್ ಆಗುತ್ತದೆಯೇ? ವೈಫೈ ಬಿಟ್ಟು ಮೊಬೈಲ್ ಸಿಗ್ನಲ್ ಹಿಡಿಯಲು ಫೋನ್ ತಿಣುಕುತ್ತಿದೆ ಎಂದರ್ಥ. ಸಿಗ್ನಲ್ ಇಲ್ಲದ ಮೂಲೆಯಲ್ಲಿ ಹೋಗಬೇಡಿ, ಮಾತು ಮುಗಿಸಿ ಹೊರಡಿ.

ಪರೀಕ್ಷೆಗೆ ಒಂದು ಉಪಾಯವಿದೆ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ನಂತರ ವೈಫೈ ಮಾತ್ರ ಆನ್ ಮಾಡಿ. ಈಗ ಕರೆ ವೈಫೈನಲ್ಲೇ ಹೋಗುತ್ತದೆ, ಅತ್ತಿತ್ತ ಹಾರಾಡುವುದಿಲ್ಲ. ಆಗ ಕಟ್ ಆಗದಿದ್ದರೆ ನಿಮ್ಮ ವೈಫೈ ಸರಿಯಿದೆ, ತೊಂದರೆ ಇರುವುದು ಆ ಹಾರಾಟದಲ್ಲಿ. ಪರೀಕ್ಷೆ ಮುಗಿದ ಮೇಲೆ ಮೋಡ್ ತೆಗೆಯಲು ಮರೆಯಬೇಡಿ. ಮರೆತು ಮನೆಯಿಂದ ಹೊರಟರೆ ಯಾರಿಗೂ ಸಿಗುವುದಿಲ್ಲ!

ಅರ್ಧ ನಿಮಿಷಕ್ಕೆ ಸರಿಯಾಗಿ ಕಟ್!

ಅಮೆರಿಕದಲ್ಲಿರುವ ನನ್ನ ತಂಗಿಯ ಮನೆಯದ್ದು ಇನ್ನೊಂದು ಬಗೆ. ಅಲ್ಲಿ ರೂಟರ್‌ಗೆ ಒಂದು ಸಣ್ಣ ಅಡಾಪ್ಟರ್ ಡಬ್ಬಿ ಸಿಕ್ಕಿಸಿ, ಅದಕ್ಕೆ ಫೋನ್ ಜೋಡಿಸಿಕೊಂಡಿದ್ದಾಳೆ. ಹೊಸ ರೂಟರ್ ತಂದಾಗಿನಿಂದ ಪ್ರತಿ ಕರೆಯೂ ಕಟ್. ಎಷ್ಟು ಹೊತ್ತಿಗೆ ಅಂತ ಗಡಿಯಾರ ಹಿಡಿದು ನೋಡು ಅಂದೆ. ನೋಡಿದರೆ ಪ್ರತಿ ಸಲವೂ 32 ಸೆಕೆಂಡ್!

ಹೀಗೆ ಗಡಿಯಾರದ ಲೆಕ್ಕದಲ್ಲಿ ಕಟ್ ಆದರೆ ಅದು ಕರೆಂಟೂ ಅಲ್ಲ, ವೈಫೈಯೂ ಅಲ್ಲ. ಫೋನ್ ಎತ್ತಿದ ಕೂಡಲೇ ಎರಡೂ ಕಡೆಯ ಯಂತ್ರಗಳು 'ಎತ್ತಿದೆ', 'ಸರಿ, ಗೊತ್ತಾಯಿತು' ಅಂತ ತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಆ 'ಸರಿ' ಎಂಬ ಉತ್ತರ ದಾರಿಯಲ್ಲಿ ಕಳೆದುಹೋದರೆ, ಆ ಕಡೆಯ ಯಂತ್ರ 32 ಸೆಕೆಂಡ್ ಕಾದು ಕರೆಯನ್ನು ಮುಗಿಸಿಬಿಡುತ್ತದೆ. ಉತ್ತರ ಕಳೆಯುವುದು ಬಹಳ ಸಲ ರೂಟರ್‌ನಲ್ಲೇ. ಅದರಲ್ಲಿ 'ಸಿಪ್ ಎಎಲ್‌ಜಿ' ಎಂಬ ಒಂದು ಸೆಟ್ಟಿಂಗ್ ಇರುತ್ತದೆ. ಇಂಟರ್‌ನೆಟ್ ಫೋನಿಗೆ ಸಹಾಯ ಮಾಡಲೆಂದೇ ಇಟ್ಟದ್ದು. ಆದರೆ ಪೊಟ್ಟಣದ ಮೇಲಿನ ವಿಳಾಸ ತಿದ್ದಲು ಹೋಗಿ ಕೆಡಿಸುವುದೇ ಹೆಚ್ಚು. ತಂಗಿಯ ಗಂಡ ಅದನ್ನು ಆಫ್ ಮಾಡಿದ, ಅಲ್ಲಿಗೆ ಮುಗಿಯಿತು.

ಸರಿಯಾಗಿ 15 ಅಥವಾ 30 ನಿಮಿಷಕ್ಕೆ ಕಟ್ ಆಗುವುದು, ಒಬ್ಬರ ಮಾತು ಮಾತ್ರ ಕೇಳಿಸುವುದು, ಇವೂ ಸಾಮಾನ್ಯವಾಗಿ ಇದೇ ಜಾತಿಯ ತೊಂದರೆಗಳು. ಒಂದು ರೂಟರ್ ಹಿಂದೆ ಇನ್ನೊಂದು ರೂಟರ್ ಸಿಕ್ಕಿಸಿದ್ದರೂ ಹೀಗಾಗಬಹುದು. ಆಗ ಎರಡನೆಯದನ್ನು 'ಆಕ್ಸೆಸ್ ಪಾಯಿಂಟ್' ಆಗಿ ಮಾತ್ರ ಬಳಸಬೇಕು. ಇದು ನಮ್ಮ ಕೈಯಲ್ಲಾಗುವ ಕೆಲಸವಲ್ಲ ಅಂತ ಬಿಡಬೇಡಿ. 'ಪ್ರತಿ ಸಲ 32 ಸೆಕೆಂಡಿಗೆ ಕಟ್ ಆಗ್ತಿದೆ' ಅಂತ ನೀವು ಹೇಳಿದರೆ ಸಾಕು, ಬಲ್ಲವರಿಗೆ ರೋಗ ತಿಳಿಯುತ್ತದೆ.

ರಾತ್ರಿ ಹೊತ್ತು ಮಾತು ತುಂಡು ತುಂಡು

ವಾಟ್ಸ್‌ಆ್ಯಪ್ ಕರೆಗಳದ್ದು ಬೇರೆಯದೇ ಗೋಳು. ಅತ್ತಲಿನ ಮಾತು ನಮಗೆ ಚೆನ್ನಾಗಿ ಕೇಳುತ್ತದೆ, ನಮ್ಮ ಮಾತು ಅವರಿಗೆ ತುಂಡು ತುಂಡು. ಹೀಗಾದರೆ ನಮ್ಮ ಮನೆಯಿಂದ ಹೊರಗೆ ಹೋಗುವ ದಾರಿ ಕಟ್ಟಿಕೊಂಡಿದೆ ಅಂತ ಅನುಮಾನಪಡಿ. ಯಾರು ಕಟ್ಟಿದರು? ನಮ್ಮ ಮನೆಯಲ್ಲಿ ಮಗರಾಯನ ಮೊಬೈಲ್! ಶಾಲಾ ಪ್ರವಾಸದ ಫೋಟೋ, ವಿಡಿಯೋಗಳನ್ನೆಲ್ಲ ಅದು ತಾನಾಗಿ ಇಂಟರ್‌ನೆಟ್ ಭಂಡಾರಕ್ಕೆ ಏರಿಸುತ್ತಿತ್ತು. ಸಂತೆಯ ದಿನ ಲಾರಿಗಳ ಹಿಂದೆ ಸೈಕಲ್ ಸಿಕ್ಕಿಕೊಂಡ ಹಾಗೆ ನಮ್ಮ ಮಾತಿನ ಪೊಟ್ಟಣಗಳು ಅದರ ಹಿಂದೆ ಕಾಯುತ್ತಿದ್ದವು. ಫೋಟೋ ಏರಿಸುವುದನ್ನು ಎಲ್ಲರೂ ಮಲಗಿದ ಮೇಲೆ ಮಾಡುವಂತೆ ಹೇಳಿದೆ. ಕೆಲವು ರೂಟರ್‌ಗಳಲ್ಲಿ ಮಾತಿಗೆ ಮೊದಲ ದಾರಿ ಬಿಡುವ 'ಕ್ಯೂಒಎಸ್' ಎಂಬ ಸೆಟ್ಟಿಂಗ್ ಇರುತ್ತದೆ. ಅದನ್ನೂ ಹಾಕಿಸಬಹುದು.

ಪೆಟ್ಟಿಗೆಯ ಕೆಂಪು ದೀಪ

ಫೈಬರ್ ಪೆಟ್ಟಿಗೆಯಲ್ಲಿ 'ಎಲ್‌ಒಎಸ್' ಎಂಬ ದೀಪವಿದ್ದು ಅದು ಕೆಂಪಗೆ ಮಿನುಗುತ್ತಿದ್ದರೆ, ಬೆಳಕು ಪೆಟ್ಟಿಗೆಯವರೆಗೆ ಸರಿಯಾಗಿ ಬರುತ್ತಿಲ್ಲ ಎಂದರ್ಥ. ಫೈಬರ್ ಅಂದರೆ ಗಾಜಿನ ಎಳೆ. ತಾಮ್ರದ ತಂತಿಯ ಹಾಗೆ ಮಡಚಿ, ಮೊಳೆಗೆ ಬಿಗಿದು, ಸೋಫಾ ಕಾಲಿನಡಿ ಸಿಕ್ಕಿಸಿದರೆ ಬೆಳಕು ಸೋರಿಹೋಗುತ್ತದೆ. ಗುಡಿಸುವಾಗ, ಟಿ.ವಿ. ಸ್ಟ್ಯಾಂಡ್ ಸರಿಸುವಾಗ ಕೆಲಸದವಳಿಗೂ ಹೇಳಿಡಿ. ಎಳೆ ಬಿಚ್ಚಿಬಂದರೆ ಅದರ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಲೇಬೇಡಿ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಒಳ್ಳೆಯದಲ್ಲ. ಮಕ್ಕಳನ್ನು ದೂರವಿಡಿ.

ಇನ್ನೊಂದು ಮಾತು. ರೀಸ್ಟಾರ್ಟ್ ಬೇರೆ, ರೀಸೆಟ್ ಬೇರೆ! ಸ್ವಿಚ್ ಆರಿಸಿ ಹಾಕುವುದು ರೀಸ್ಟಾರ್ಟ್, ಧೈರ್ಯವಾಗಿ ಮಾಡಿ. ಆದರೆ ಸಣ್ಣ ತೂತಿನೊಳಗೆ ಪಿನ್ ಚುಚ್ಚುವ ರೀಸೆಟ್ ಮುಟ್ಟಬೇಡಿ. ಕಂಪನಿಯವರು ಹಾಕಿಕೊಟ್ಟ ಫೋನಿನ ಸೆಟ್ಟಿಂಗ್ ಪೂರ್ತಿ ಅಳಿಸಿಹೋಗಬಹುದು.

ದೂರು ಕೊಡುವುದೂ ಒಂದು ಕಲೆ

ಮನೆಯೊಳಗಿನದ್ದೆಲ್ಲ ಸರಿಮಾಡಿದರೂ ಕಟ್ ಆಗುತ್ತಿದ್ದರೆ ಆಗ ಕಂಪನಿಗೆ ಫೋನ್ ಮಾಡಿ. 'ಸರಿ ಬರ್ತಾ ಇಲ್ಲ ರೀ' ಅಂದರೆ, 'ಆಫ್ ಮಾಡಿ ಆನ್ ಮಾಡಿ ಮೇಡಂ' ಅನ್ನುವ ಉತ್ತರವೇ ಸಿಗುವುದು. ಅದರ ಬದಲು ನೋಟ್ ಪುಸ್ತಕ ತೆಗೆದು ಓದಿ: 'ಸೋಮವಾರ 7.10ಕ್ಕೆ, ನಾಲ್ಕನೇ ನಿಮಿಷಕ್ಕೆ, ಬುಧವಾರ 7.25ಕ್ಕೆ, ಒಂಬತ್ತನೇ ನಿಮಿಷಕ್ಕೆ. ಕರೆಂಟ್ ಇತ್ತು, ವೈರಿನ ಫೋನ್, ಕೆಂಪು ದೀಪ ಇರಲಿಲ್ಲ.' ಅತ್ತ ಕಡೆಯ ದನಿಯೇ ಬದಲಾಗುತ್ತದೆ!

ದೂರಿನ ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳಿ. ಅದನ್ನು ಕೊಡುವುದು ಅವರ ಕರ್ತವ್ಯ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಆ ನಂಬರ್ ಕೊಟ್ಟು ಅಪೀಲು ಹೋಗಬಹುದು. 2012ರ ಟ್ರಾಯ್ ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು.

ಇವು ನೆನಪಿರಲಿ

* ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ದಿನ ನೋಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ.

* ಇಂಟರ್‌ನೆಟ್ ಫೋನೊಂದನ್ನೇ ನಂಬಿ ಕೂರಬೇಡಿ. ಕರೆಂಟ್ ಹೋಗಿ ಬ್ಯಾಟರಿಯೂ ಮುಗಿದರೆ ಅದು ಬರೀ ಆಟಿಕೆ. ವಯಸ್ಸಾದವರಿರುವ ಮನೆಯಲ್ಲಿ ಒಂದು ಮೊಬೈಲ್ ಸದಾ ಚಾರ್ಜ್ ಆಗಿರಲಿ. ಮನೆಯಲ್ಲಿ ಸಿಗ್ನಲ್ ಸಿಗುವ ಜಾಗ ಯಾವುದು ಅಂತ ಎಲ್ಲರಿಗೂ ಗೊತ್ತಿರಲಿ.

* ತುರ್ತು ಸಹಾಯದ ಸಂಖ್ಯೆ 112, ಡಾಕ್ಟರು, ಪಕ್ಕದ ಮನೆಯವರ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಮೊಬೈಲಿನೊಳಗೆ ಇದ್ದರಷ್ಟೇ ಸಾಲದು.

* ಕಟ್ ಆದಾಗ ಇಬ್ಬರೂ ಒಟ್ಟಿಗೆ ಡಯಲ್ ಮಾಡಿದರೆ ಇಬ್ಬರಿಗೂ ಎಂಗೇಜ್. ಮೊದಲೇ ಮಾತಾಡಿಕೊಳ್ಳಿ: ಕರೆ ಮಾಡಿದವರೇ ಮತ್ತೆ ಮಾಡಬೇಕು, ಇನ್ನೊಬ್ಬರು ಕಾಯಬೇಕು. ಐದು ನಿಮಿಷದಲ್ಲಿ ಬಾರದಿದ್ದರೆ ಮೊಬೈಲಿಗೆ.

* ಗಾಬರಿಯಾಗುವ ಸುದ್ದಿಯಿದ್ದರೆ ಮುಖ್ಯ ಮಾತು ಮೊದಲು ಹೇಳಿ. 'ಅಪ್ಪ ಆರಾಮಾಗಿದ್ದಾರೆ' ಅಂತ ಶುರುಮಾಡಿ, ಹಪ್ಪಳದ ಕಥೆ ಆಮೇಲೆ!

ಮಿನಿ ಯುಪಿಎಸ್ ಹಾಕಿಸಿದ ವಾರ ಅಮ್ಮನ ಜೊತೆ ಮುಕ್ಕಾಲು ಗಂಟೆ ಮಾತಾಡಿದೆ. ಒಮ್ಮೆಯೂ ಕಟ್ ಆಗಲಿಲ್ಲ. ಕೊನೆಗೆ ಅಮ್ಮ, 'ಇವತ್ತು ನಿಂಗೆ ಪುರುಸೊತ್ತಿತ್ತು ಅನ್ಸುತ್ತೆ' ಅಂದಳು. ಯಾಕೆ ಹಾಗಂತೀಯ ಅಂದೆ. 'ಅಲ್ಲ, ಸಂಜೆ ಹೊತ್ತು ಅಡುಗೆ, ಮಗನ ಓದು ಎಲ್ಲ ಇರತ್ತಲ್ಲ. ಕೆಲಸದ ಮಧ್ಯ ನೀನೇ ಇಟ್ಟುಬಿಡ್ತೀಯೇನೋ ಅಂದ್ಕೊಂಡಿದ್ದೆ. ಅದಕ್ಕೇ ಸುಮ್ನೆ ತೊಂದ್ರೆ ಕೊಡೋದು ಬೇಡ ಅಂತ ಕೆಲವು ದಿನ ಫೋನೇ ಮಾಡ್ತಿರ್ಲಿಲ್ಲ' ಅಂದಳು.

ಫೋನಿಟ್ಟ ಮೇಲೆ ನೋಟ್ ಪುಸ್ತಕ ತೆಗೆದು ನೋಡಿದೆ. ನಡುನಡುವೆ ಖಾಲಿ ಬಿಟ್ಟ ತಾರೀಖುಗಳಿದ್ದವು. ಅಮ್ಮನ ಫೋನ್ ಬಾರದ ದಿನಗಳು. ಕೊಯ್ಲಿನ ಗಡಿಬಿಡಿ ಇರಬೇಕು ಅಂದುಕೊಂಡು ನಾನೂ ಸುಮ್ಮನಾಗಿದ್ದೆ. ಕಟ್ ಆದದ್ದನ್ನೆಲ್ಲ ಬರೆದಿದ್ದೆ, ಕಟ್ ಆಗುವ ವಿಷಯವನ್ನು ಅಮ್ಮನಿಗೆ ಮಾತ್ರ ಬಿಡಿಸಿ ಹೇಳಿರಲಿಲ್ಲ.

ಅದಕ್ಕೇ ಕೊನೆಯದಾಗಿ ಒಂದು ಸಲಹೆ. ನಿಮ್ಮ ಮನೆಯ ಫೋನ್ ಕಟ್ ಆಗುತ್ತಿದ್ದರೆ ಅದನ್ನು ಸರಿಮಾಡಿಸುವ ಮೊದಲೇ, ಇವತ್ತೇ, ಊರಿಗೆ ಒಂದು ಮಾತು ಹೇಳಿಬಿಡಿ: 'ಅಮ್ಮಾ, ಇಲ್ಲಿ ಫೋನ್ ತಾನಾಗೇ ಕಟ್ ಆಗ್ತಿದೆ. ನಾನು ಇಡ್ತಾ ಇಲ್ಲ. ನೀನು ಮಾತ್ರ ಮಾಡೋದು ನಿಲ್ಲಿಸಬೇಡ.'